ಸಂಪಿಗೆಯ ‘ಮ್ಯಾಗ್ನೋಲಿಯಾ’ ಹಿಂದಿನ ಮಾನ್ಯೋಲ್ ಯಾರು?

ಹೊಂಬಣ್ಣ: ಬಿ.ಎಸ್ಸಿ. ಸಸ್ಯಶಾಸ್ತ್ರ ಓದುತ್ತಿದ್ದೇನೆ. ಹಳೇ ಪುಸ್ತಕಗಳಲ್ಲಿ ಸಂಪಿಗೆ ಅಂದರೆ ಮೈಕೇಲಿಯಾ ಚಂಪಕ, ಈಗ ಮ್ಯಾಗ್ನೋಲಿಯಾ ಚಂಪಕ. ಇದು ಪಿಯೇರ್ ಮಾನ್ಯೋಲ್ ಎಂಬ ಫ್ರೆಂಚ್ ಮೇಷ್ಟ್ರ ಹೆಸರಂತೆ. ಮ್ಯಾಗ್ನೋಲಿಯಾ ಮರವನ್ನು ಕಂಡುಹಿಡಿದವರು ಅವರೇನಾ?

ಗಿಡದಮೇಷ್ಟ್ರು: ಅಲ್ಲಮ್ಮ. ಕೆರಿಬಿಯನ್ ಕಡಲಿನ ಮಾರ್ಟಿನಿಕ್ ದ್ವೀಪದ ಒಂದು ಮರಕ್ಕೆ ಶಾರ್ಲ್ ಪ್ಲುಮಿಯೇ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ 1703ರಲ್ಲಿ ಮಾನ್ಯೋಲರ ಹೆಸರಿಟ್ಟರು. ನಮ್ಮ ದೇವಕಣಗಿಲೆಗೆ ಪ್ಲುಮೇರಿಯಾ ಎಂಬ ಹೆಸರು ಬಂದಿದ್ದು ಈ ಪ್ಲುಮಿಯೇಯಿಂದಲೇ.

ಮಾನ್ಯೋಲ್ ದಕ್ಷಿಣ ಫ್ರಾನ್ಸಿನ ಮಾಂಪೆಲಿಯೇ ಊರಿನವರು. ಹುಟ್ಟಿದ್ದು 1638ರಲ್ಲಿ. ಅಪ್ಪನದು ಔಷಧಿ ವ್ಯಾಪಾರ. ಓದಿದ್ದು, ಕಲಿಸಿದ್ದು, 1715ರಲ್ಲಿ ತೀರಿಕೊಂಡಿದ್ದು ಎಲ್ಲ ಅದೇ ಊರಲ್ಲಿ. ಆ ಸೀಮೆಯ ಗಿಡಗಳ ಬಗ್ಗೆಯೇ 1676ರಲ್ಲಿ ಪುಸ್ತಕ ತಂದರು. ಆದರೆ ಪ್ರೊಟೆಸ್ಟೆಂಟ್ ಕ್ರೈಸ್ತರು ಅನ್ನುವ ಕಾರಣಕ್ಕೆ ಅವರಿಗೆ ಅಲ್ಲಿನ ಪ್ರೊಫೆಸರ್ ಹುದ್ದೆ ತಪ್ಪಿಹೋಯಿತು. 1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಪ್ರೊಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ಕಿತ್ತುಹಾಕಿದ. ಆಮೇಲೆ ಇವರು ಕ್ಯಾಥೊಲಿಕ್ ಆದರು. ಪ್ರೊಫೆಸರ್ ಆಗಿದ್ದು 1694ರಲ್ಲಿ. ಆಗ ವಯಸ್ಸು ಐವತ್ತೈದು ದಾಟಿತ್ತು.

ನನಗೆ ಅವರ ಮೇಲೆ ಗೌರವ ಜಾಸ್ತಿ ಆಗೋದು ಇಲ್ಲೇ. ಮುಂದೆ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಸಸ್ಯಶಾಸ್ತ್ರಜ್ಞ ಟೂರ್ನ್‌ಫೋರ್ ಇವರ ಹತ್ತಿರ ಕಲಿಯಲು ಬಂದಿದ್ದು 1679ರಲ್ಲಿ. ಆಗಿನ್ನೂ ಮೇಷ್ಟ್ರಿಗೆ ಕುರ್ಚಿ ಇರಲಿಲ್ಲ, ಪಾಠ ಮಾತ್ರ ನಡೆದೇ ಇತ್ತು.

ತೋಟದಮನೆ: ಸಸ್ಯಗಳನ್ನು ಕುಟುಂಬಗಳಾಗಿ ವಿಂಗಡಿಸಿದ್ದೂ ಇವರೇ ಅಲ್ವಾ?

ಗಿಡದಮೇಷ್ಟ್ರು: ಹೌದು, ಅದೇ ಅವರ ದೊಡ್ಡ ಕೆಲಸ. 1689ರ ಪುಸ್ತಕದಲ್ಲಿ ಗಿಡಗಳನ್ನು 76 ಕುಟುಂಬಗಳಾಗಿ ಜೋಡಿಸಿದರು. ಹೂವು ಒಂದನ್ನೇ ನಂಬದೆ ಬೇರು, ಕಾಂಡ, ಬೀಜ ಎಲ್ಲವನ್ನೂ ನೋಡಬೇಕು ಅನ್ನುವುದು ಅವರ ಪಟ್ಟು. ಸರಿಯಾಗಿ ನೂರು ವರ್ಷದ ನಂತರ, 1789ರಲ್ಲಿ, ಫ್ರಾನ್ಸಿನದೇ ಸಸ್ಯಶಾಸ್ತ್ರಜ್ಞ ಆಂಟ್ವಾನ್ ಲೋರಾನ್ ದ ಜುಸ್ಸಿಯೋ ಇದೇ ದಾರಿಯಲ್ಲಿ 100 ಕುಟುಂಬಗಳನ್ನು ಕೊಟ್ಟರು. ಈ ಜುಸ್ಸಿಯೋ ಅವರ ಅಪ್ಪನ ಸೋದರ, ಅವರ ಹೆಸರೂ ಆಂಟ್ವಾನ್, ಮಾನ್ಯೋಲರ ಶಿಷ್ಯ.

ಹೊಂಬಣ್ಣ, ಸಂಪಿಗೆಯನ್ನೂ ಹಾಗೇ ನೋಡಿ. ಬರೀ ಹೂ ಕಿತ್ತು ತರಬೇಡಿ, ರೆಂಬೆಯನ್ನೂ ಹಿಡಿದು ನೋಡಿ. ಪ್ರತಿ ಎಲೆಯ ಬುಡದಲ್ಲಿ ರೆಂಬೆಯ ಸುತ್ತ ಬಳೆಯಂಥ ಗೆರೆ ಇರುತ್ತದೆ. ಎಳೆ ಮೊಗ್ಗನ್ನು ಮುಚ್ಚಿದ್ದ ಪೊರೆ ಉದುರಿದ ಗುರುತು ಅದು. ಹೂವಿನ ದಳ, ಕೇಸರಗಳನ್ನು ಮೆಲ್ಲಗೆ ಬಿಡಿಸಿದರೆ ನಡುವಿನ ದಿಂಡಿನ ಮೇಲೆ ಪುಟ್ಟ ಹಸಿರು ಅಂಡಾಶಯಗಳು ಸುರುಳಿ ಸುತ್ತಿಕೊಂಡು ಕೂತಿರುತ್ತವೆ. ಲಾಲ್‌ಬಾಗಿನಲ್ಲೋ ಬೇರೆಲ್ಲೋ ಬಿಳಿ ಹೂವಿನ ದೊಡ್ಡ ಮ್ಯಾಗ್ನೋಲಿಯಾ ಸಿಕ್ಕರೆ ಅದರಲ್ಲೂ ಇವೆರಡನ್ನೂ ಹುಡುಕಿ.

ಹೊಂಬಣ್ಣ: ಬಳೆ ಗೆರೆ ಸಿಕ್ಕಿತು ಸರ್, ಈಗಷ್ಟೇ ನಮ್ಮ ಹಿತ್ತಲಿನ ಮರದಲ್ಲಿ ನೋಡಿದೆ! ಮಾನ್ಯೋಲ್ ಪಾಠ ಮಾಡಿದ ಮಾಂಪೆಲಿಯೇ ತೋಟ ಈಗಲೂ ಇದೆಯಾ?

ಗಿಡದಮೇಷ್ಟ್ರು: ಇದೆ. 1593ರಲ್ಲಿ ದೊರೆ ನಾಲ್ಕನೇ ಹೆನ್ರಿಯ ಕಾಲದಲ್ಲಿ ಶುರುವಾಗಿದ್ದು. ಫ್ರಾನ್ಸಿನಲ್ಲೇ ಅತಿ ಹಳೆಯ ಸಸ್ಯೋದ್ಯಾನ. ಇವತ್ತಿಗೂ ಮಾಂಪೆಲಿಯೇ ವಿಶ್ವವಿದ್ಯಾಲಯದವರೇ ನೋಡಿಕೊಳ್ಳುತ್ತಾರೆ.