ಪದಚರ್ಚೆ: ಟ್ರೈಪಾಡಿನ ‘ಡ್ರ್ಯಾಗ್’ಗೆ ಏನೆನ್ನೋಣ, ಬಿಗಿಯೋ ಜಡವೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ಶರಣು.

ಬಾಗಲಕೋಟೆಯಲ್ಲಿ ಮದುವೆ, ಜಾತ್ರೆ, ಮಠದ ಕಾರ್ಯಕ್ರಮಗಳ ವಿಡಿಯೊ ತೆಗೆಯುವ ಕೆಲಸ ನನ್ನದು. ಜೊತೆಗೆ ಬರುವ ಮೂವರು ಹುಡುಗರಿಗಾಗಿ ಟ್ರೈಪಾಡಿನ, ಅಂದರೆ ಕ್ಯಾಮೆರಾ ಕೂರಿಸುವ ಮೂರು ಕಾಲಿನ ಸ್ಟ್ಯಾಂಡಿನ ಬಗ್ಗೆ ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಕೊಳ್ಳುವಾಗ ಏನು ನೋಡಬೇಕು, ಯಾವ ತಿರುಪು ಯಾವ ಕೆಲಸಕ್ಕೆ, ಇಷ್ಟೇ. ಅರ್ಧ ಪುಟ ದಾಟುವಷ್ಟರಲ್ಲಿ ಒಂದು ಪದದ ಹತ್ತಿರ ಬಂದು ನಿಂತಿದ್ದೇನೆ: ‘ಡ್ರ್ಯಾಗ್’, ಅಂದರೆ ಕ್ಯಾಮೆರಾ ತಿರುಗಿಸುವಾಗ ಕೈಗೆ ಸಿಗುವ ತಡೆ.

ಪ್ರಶ್ನೆ ಹುಟ್ಟಿದ್ದು ಹೋದ ಬನದ ಹುಣ್ಣಿಮೆಯ ದಿನ, ಬಾದಾಮಿ ಬನಶಂಕರಿಯ ತೇರಿನ ಮುಂದೆ. ಒಂದು ಕಟ್ಟೆಯ ಮೇಲೆ ಜಾಗ ಹಿಡಿದು ಕ್ಯಾಮೆರಾ ಹೂಡಿದ್ದೆ. ತೇರು ಎಡದಿಂದ ಬಲಕ್ಕೆ ಸಾಗುವುದನ್ನು ಎಲ್ಲೂ ಕಡಿಯದೆ ಒಂದೇ ಸವನೆ ಹಿಡಿಯಬೇಕೆಂಬ ಆಸೆ. ಪ್ಯಾನ್, ಅಂದರೆ ಕ್ಯಾಮೆರಾದ ಎಡಬಲದ ಹೊರಳು, ತೀರ ಹಗುರವಾಗಿದೆ ಅನ್ನಿಸಿ, ಕಣ್ಣನ್ನು ವ್ಯೂಫೈಂಡರಿನಿಂದ ತೆಗೆಯದೆ, “ತಮ್ಮಾ, ಪ್ಯಾನ್ ಒಂಚೂರು ಬಿಗಿ ಮಾಡಪಾ” ಅಂದೆ. ಹುಡುಗ ಕೂಡಲೇ ಮಾಡಿದ. ತೇರು ಅಲುಗಿತು, ಉತ್ತತ್ತಿ ಬಾಳೆಹಣ್ಣು ಹಾರತೊಡಗಿದವು, ನಾನು ಹಿಡಿಕೆಯನ್ನು ಮೆಲ್ಲಗೆ ದೂಡಿದೆ. ಕ್ಯಾಮೆರಾ ತಿರುಗಲಿಲ್ಲ. ಇನ್ನಷ್ಟು ದೂಡಿದಾಗ ಒಂದು ಕಾಲು ನೆಲ ಬಿಟ್ಟು ಇಡೀ ಸ್ಟ್ಯಾಂಡೇ ಹೊರಳಿತು. ಹುಡುಗ ತಿರುಗಿಸಿದ್ದು ಲಾಕ್ ತಿರುಪನ್ನು. ಅದನ್ನು ಸಡಿಲಿಸುವಷ್ಟರಲ್ಲಿ ತೇರು ಕಣ್ಣಳತೆಯಿಂದ ಆಚೆ ಹೋಗಿತ್ತು. ವರ್ಷಕ್ಕೊಮ್ಮೆ ಸಿಗುವ ದೃಶ್ಯ ಅದು, ಇಂದಿಗೂ ಮನಸ್ಸಿಗೆ ನೋವಿದೆ. ಆದರೆ ಅವನದೇನೂ ತಪ್ಪಿರಲಿಲ್ಲ. ಬಿಗಿ ಮಾಡು ಅಂದೆ, ಬಿಗಿ ಮಾಡಿದ. ನನಗೆ ಬೇಕಾದದ್ದು ಬಿಗಿಯಾಗಿರಲಿಲ್ಲ, ಅದಕ್ಕೆ ನನ್ನ ಬಾಯಲ್ಲಿ ಬೇರೆ ಪದವೂ ಇರಲಿಲ್ಲ.

ಈ ಉಪಕರಣ ಬಳಸದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಮೆರಾ ಕೂರುವ ಮೇಲ್ಭಾಗಕ್ಕೆ ಹೆಡ್ ಎನ್ನುತ್ತಾರೆ. ಸಾದಾ ಹೆಡ್‌ನಲ್ಲಿ ಎರಡು ಒಣ ಮೈಗಳು ಒಂದಕ್ಕೊಂದು ತಿಕ್ಕುತ್ತವೆ. ನಿಂತದ್ದನ್ನು ಹೊರಡಿಸಲು ಬೇಕಾಗುವ ಬಲ ಹೆಚ್ಚು, ಹೊರಟ ಮೇಲೆ ಬೇಕಾಗುವ ಬಲ ಕಡಿಮೆ. ಹಾಗಾಗಿ ಹೊರಡುವಾಗ ಒಂದು ಜರ್ಕು ಬಂದೇ ಬರುತ್ತದೆ, ದೊಡ್ಡ ಪರದೆಯಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ. ಫ್ಲೂಯಿಡ್ ಹೆಡ್‌ನಲ್ಲಿ ಬಿಲ್ಲೆಗಳ ನಡುವೆ ಜೇನಿನಂಥ ದಪ್ಪ ದ್ರವ, ಇಲ್ಲವೆ ಗ್ರೀಸು ತುಂಬಿರುತ್ತದೆ. ತಿರುಗಿಸಿದಾಗ ಅದು ಪದರು ಪದರಾಗಿ ಜಾರುತ್ತದೆ. ಮೆಲ್ಲಗೆ ತಿರುಗಿಸಿದರೆ ಕಡಿಮೆ ತಡೆ, ಜೋರಾಗಿ ತಿರುಗಿಸಿದರೆ ಹೆಚ್ಚು ತಡೆ. ಕೈಯ ಸಣ್ಣ ನಡುಕವೆಲ್ಲ ಅದರಲ್ಲೇ ಕರಗಿಹೋಗುತ್ತದೆ. ಆ ತಡೆಯೇ ಡ್ರ್ಯಾಗ್. ಅದನ್ನು ಏರಿಸಿ ಇಳಿಸಲು ಬೇರೆಯದೇ ತಿರುಪು ಇರುತ್ತದೆ, ಮೇಲೆ 1, 2, 3 ಎಂದು ಅಂಕಿ ಕೊರೆದಿರುತ್ತಾರೆ. ಲಾಕ್ ಎಂದರೆ ಅಲುಗಾಡದಂತೆ ಕಟ್ಟಿಹಾಕುವುದು. ಡ್ರ್ಯಾಗ್ ಎಂದರೆ ಅಲುಗಬೇಕು, ಆದರೆ ಕೈಗೆ ಭಾರ ಸಿಗಬೇಕು. ಈ ಎರಡಕ್ಕೂ ನಾವು ಬಿಗಿ, ಟೈಟ್ ಎಂಬ ಅದೇ ಪದ ಬಳಸುತ್ತ ಬಂದಿದ್ದೇವೆ.

ಮುಧೋಳ ಕಡೆ ಬೆಲ್ಲದ ಗಾಣ ನಡೆಸಿದ ನನ್ನ ಸೋದರಮಾವನಿಗೆ ಇದನ್ನು ವಿವರಿಸಿದೆ. ಅವರು ಹೆಡ್‌ನ ಹಿಡಿಕೆ ಹಿಡಿದು ಒಮ್ಮೆ ಸಾವಕಾಶ, ಒಮ್ಮೆ ಜೋರಾಗಿ ತಿರುಗಿಸಿ ನೋಡಿದರು. “ಇದು ಕಾಕಂಬಿ ತಿರಿವಿದಂಗ ಐತೆಲ್ಲೋ” ಅಂದರು. “ಸಾವಕಾಶ ಹೋದ್ರ ಹಾದಿ ಕೊಡತೈತಿ, ಜೋರ ಮಾಡಿದ್ರ ಕೈಗೆ ಜಡ ಬರತೈತಿ.” ಕೊಪ್ಪರಿಗೆಯಲ್ಲಿ ಪಾಕ ಏರುತ್ತ ಬಂದಂತೆ ಹುಟ್ಟು ಹಾಕುವ ಕೈಗೆ ತಿಳಿಯುವುದು ಇದೇ ಅನುಭವ. ಮೊದಲು ನೀರಿನಂತೆ ಸರಿಯುತ್ತದೆ, ಆಮೇಲಾಮೇಲೆ ತೋಳಿಗೆ ಭಾರ ಹತ್ತುತ್ತದೆ, ಆದರೆ ಎಲ್ಲೂ ತಟಕ್ಕನೆ ತಡೆಯುವುದಿಲ್ಲ. ಡ್ರ್ಯಾಗ್ ತಿರುಪಿನ ಅಂಕಿ ಏರಿಸುವುದೆಂದರೆ ಪಾಕ ಏರಿಸಿದ ಹಾಗೆಯೇ.

ಅಂದಿನಿಂದ ನಾನು ‘ಜಡ’ ಎನ್ನತೊಡಗಿದೆ. “ಜಡ ಎರಡಕ್ಕ ಇಡು”, “ಜಡ ಇಳಸು”, “ಬಿಗಿ ಬಿಚ್ಚು, ಜಡ ಹಂಗ ಇರ್ಲಿ”. ಹುಡುಗರು ಒಮ್ಮೆಯೂ ತಪ್ಪು ತಿರುಪಿಗೆ ಕೈ ಹಾಕಿಲ್ಲ. ಮೊನ್ನೆ ಇಳಕಲ್ಲಿನ ಒಂದು ಮನೆಯಲ್ಲಿ ಮಗ್ಗದ ಮೇಲಿನ ಸೆರಗು ತೆಗೆಯುತ್ತಿದ್ದೆವು. ತೋಪ ತೆನಿ ಎಂಬ ಸೆರಗಿನ ವಿನ್ಯಾಸದ ಕೆಂಪು ಬಿಳಿ ಹಲ್ಲುಗಳ ಮೇಲೆ ಕ್ಯಾಮೆರಾ ಇಂಚಿಂಚೇ ಏರಬೇಕು. ಹುಡುಗನೇ “ಜಡ ಮೂರು ಮಾಡ್ಲೇನ್ರೀ ಅಣ್ಣಾ” ಎಂದು ಕೇಳಿದ. ಆಗ ನನಗೆ ಆದ ಸಂತೋಷ ದೊಡ್ಡದು.

ಈಗ ತೊಡಕು. ನಮ್ಮ ಸೀಮೆಯಲ್ಲಿ ಜಡ ಎಂದರೆ ಭಾರ. “ಚೀಲ ಭಾಳ ಜಡ ಐತಿ” ಎಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿಯವರೆಲ್ಲರಿಗೂ ತಿಳಿಯುತ್ತದೆ. ಮರಾಠಿಯಲ್ಲೂ ಇದೇ ಅರ್ಥ. ತೆಂಕಣದವರಿಗೆ ಜಡ ಎಂದರೆ ಮಂಕು, ಚಟುವಟಿಕೆ ಇಲ್ಲದ್ದು. ಮೇಲಾಗಿ ವಿಜ್ಞಾನದ ಪುಸ್ತಕದಲ್ಲಿ ‘ಜಡತ್ವ’ ಬೇರೆಯೇ ಗುಣಕ್ಕೆ ಮೀಸಲಾಗಿದೆ. ನಿಂತದ್ದು ನಿಂತೇ ಇರಲು, ಚಲಿಸುವುದು ಚಲಿಸುತ್ತಲೇ ಇರಲು ನೋಡುವ ಗುಣ ಅದು. ಡ್ರ್ಯಾಗ್ ಚಲನೆಯನ್ನು ತಡೆಯುತ್ತದೆ, ಜಡತ್ವ ಚಲನೆಯನ್ನು ಮುಂದುವರಿಸುತ್ತದೆ. ಶಾಲೆ ಓದಿದ ಹುಡುಗನಿಗೆ ಇದು ಗೊಂದಲವಾಗುತ್ತದೆಯೇ? ‘ತಡೆ’ ಎನ್ನಬಹುದಿತ್ತು, ಆದರೆ ತಡೆ ಎಂದೊಡನೆ ನಿಲ್ಲಿಸುವುದೇ ನೆನಪಾಗುತ್ತದೆ, ಮತ್ತೆ ಲಾಕ್‌ಗೇ ಕೈ ಹೋಗುತ್ತದೆ. ‘ಎಳೆತ’ ನಿಘಂಟಿನ ದಾರಿಯಲ್ಲಿ ಸಿಗುವ ಪದ, ಆದರೆ ಇಲ್ಲಿ ಯಾರೂ ಏನನ್ನೂ ಎಳೆಯುತ್ತಿಲ್ಲ. ‘ಸ್ನಿಗ್ಧತೆ’ ಆ ದ್ರವದ ಗುಣವನ್ನು ಸರಿಯಾಗಿಯೇ ಹೇಳುತ್ತದೆ, ತೇರಿನ ಗದ್ದಲದಲ್ಲಿ ಕೂಗಿ ಹೇಳಲು ಬರುವುದಿಲ್ಲ.

ಹೆಡ್‌ಗೂ ಒಂದು ಮಾತು. ‘ದ್ರವ ತಲೆ’ ಎಂಬ ಅನುವಾದ ನನಗೆ ಒಪ್ಪಿಗೆಯಿಲ್ಲ. ನೋಡುವ ಕಣ್ಣು ಇರುವುದು ಕ್ಯಾಮೆರಾದಲ್ಲಿ, ಹಾಗಾದರೆ ತಲೆ ಕ್ಯಾಮೆರಾನೇ ಆಯಿತು. ಅದರ ಕೆಳಗೆ ಕೂತು ಅದನ್ನು ಎಡಬಲಕ್ಕೆ ಹೊರಳಿಸುವುದು, ಎತ್ತುವುದು, ಬಗ್ಗಿಸುವುದು ಗೋಣಿನ ಕೆಲಸ. ಗೋಣು ಹೊರಳಿಸು ಎಂದರೆ ಪ್ಯಾನ್, ಗೋಣು ಎತ್ತು ಎಂದರೆ ಟಿಲ್ಟ್. ಇದನ್ನು ಟಿಪ್ಪಣಿಯಲ್ಲಿ ಹಾಕಿಯೇಬಿಟ್ಟಿದ್ದೇನೆ. ಟ್ರೈಪಾಡ್ ಎನ್ನುವುದು ಟ್ರೈಪಾಡ್ ಆಗಿಯೇ ಇರಲಿ, ಎಲ್ಲರ ಬಾಯಲ್ಲೂ ಕೂತಿದೆ. ಆದರೂ ನಮ್ಮ ಮನೆಗಳಲ್ಲಿ, ಮಠಗಳಲ್ಲಿ ಊಟದ ತಾಟು ಇಡುವ ಮೂರು ಕಾಲಿನ ಅಡ್ಡಣಿಗೆ ನೆನಪಾಗದೆ ಇರದು. ನೆಲ ಎಷ್ಟೇ ಏರುತಗ್ಗಾಗಿರಲಿ, ಮೂರು ಕಾಲು ಒಟ್ಟಿಗೆ ನೆಲಕ್ಕೆ ಹತ್ತುತ್ತವೆ ಎಂಬ ಮರ್ಮ ಅಡ್ಡಣಿಗೆ ಮಾಡಿದವನಿಗೂ ಗೊತ್ತಿತ್ತು. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ತೆಗೆಯಲು ಹೋದಾಗಲೆಲ್ಲ ಇನ್ನೊಂದು ಮೂರರ ಲೆಕ್ಕ ನೆನಪಾಗುತ್ತದೆ. ಸುಮಾರು 700ನೇ ಇಸವಿಯ ಆ ಶಾಸನದಲ್ಲಿರುವುದು ಕನ್ನಡದ ಹಳೆಯ ತ್ರಿಪದಿಗಳು.

ಕೊಳ್ಳುವ ಭಾಗದಲ್ಲಿ ಪದದ ಪ್ರಶ್ನೆ ಇನ್ನೂ ಮುಖ್ಯವಾಗುತ್ತದೆ, ಏಕೆಂದರೆ ‘ಫ್ಲೂಯಿಡ್’ ಎಂಬ ಪದವನ್ನೇ ನಂಬಿ ನಾನು ಒಮ್ಮೆ ಹಣ ಕಳೆದುಕೊಂಡಿದ್ದೇನೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿತ್ತು. ಒಳಗಿದ್ದದ್ದು ಗ್ರೀಸು ಸವರಿದ ಸಾದಾ ತಿಕ್ಕಾಟದ ಹೆಡ್. ಆರು ತಿಂಗಳಲ್ಲಿ ಗ್ರೀಸು ಒಣಗಿ ಜರ್ಕು ಶುರುವಾಯಿತು. ಅದಕ್ಕೇ ಹುಡುಗರಿಗೆ ಬರೆದಿದ್ದೇನೆ: ಡಬ್ಬಿ ಓದಬೇಡಿ, ಕೈಯಿಂದ ನೋಡಿ. ನಿಮ್ಮ ಕ್ಯಾಮೆರಾವನ್ನೇ ಅಂಗಡಿಗೆ ಒಯ್ದು ಕೂರಿಸಿ. ಹಿಡಿಕೆಗೆ ಒಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಅದನ್ನು ಹಿಡಿದು ಮೆಲ್ಲಗೆ ಜಗ್ಗಿ. ರಬ್ಬರು ಹಿಗ್ಗಿ ಹಿಗ್ಗಿ ಆಮೇಲೆ ಕ್ಯಾಮೆರಾ ತಟಕ್ಕನೆ ಜಿಗಿದರೆ ಅದು ತಿಕ್ಕಾಟ. ಸಮನಾಗಿ ಹಿಂಬಾಲಿಸಿ ಬಂದರೆ ಜಡ ನಿಜವಾದದ್ದು. ಬಿಟ್ಟಾಗ ಗೋಣು ಕೂದಲೆಳೆಯಷ್ಟು ಹಿಂದಕ್ಕೆ ಸರಿದರೂ ಬೇಡ.

ಎರಡನೆಯದು ತೂಕ. ಲೆನ್ಸ್, ಬ್ಯಾಟರಿ, ಮೈಕು, ಲೈಟು ಎಲ್ಲ ಕಟ್ಟಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ನನ್ನದು 3 ಕಿಲೊ 200 ಗ್ರಾಂ ಬಂತು. ಬರೀ ಕ್ಯಾಮೆರಾದ ತೂಕ ನೋಡಿ ಹೆಡ್ ಕೊಂಡವರು ಆಮೇಲೆ ಪಶ್ಚಾತ್ತಾಪ ಪಡುತ್ತಾರೆ. ಮುಂದಕ್ಕೆ ಬಾಗಿದ ಕ್ಯಾಮೆರಾ ಬೀಳದಂತೆ ಒಳಗಿನ ಸ್ಪ್ರಿಂಗು ಹಿಡಿದಿರುತ್ತದೆ. ಇದನ್ನು ನಾನು ‘ತೋಲ’ ಎಂದಿದ್ದೇನೆ, ತೋಲ ಹಿಡಿ, ತೋಲ ತಪ್ಪಿತು ಎನ್ನುವ ನಮ್ಮ ಮಾತಿನಿಂದಲೇ. ತೋಲ ಸರಿಯಿದ್ದರೆ ಅರ್ಧ ಬಗ್ಗಿಸಿ ಕೈಬಿಟ್ಟರೂ ಕ್ಯಾಮೆರಾ ಇದ್ದಲ್ಲೇ ನಿಲ್ಲುತ್ತದೆ. ದೊಡ್ಡ ಹೆಡ್ ಒಳ್ಳೆಯದು ಎಂದು ತಂದು ಸಣ್ಣ ಕ್ಯಾಮೆರಾ ಕೂರಿಸಿದರೆ ಸ್ಪ್ರಿಂಗು ಅದರ ಮೂತಿಯನ್ನು ಮೇಲಕ್ಕೆ ತಳ್ಳುತ್ತದೆ. ಇನ್ನು, ತಳ ದುಂಡಗಿದ್ದು 75 ಮಿಲಿಮೀಟರ್ ಬಟ್ಟಲಿನಲ್ಲಿ ಕೂರುವ ಹೆಡ್ ಆದರೆ ಬಂಡೆಯ ಮೇಲೆ ಕಾಲುಗಳನ್ನು ಹಿಂದೆ ಮುಂದೆ ಮಾಡುವ ಗೋಜಿಲ್ಲ, ಮಟ್ಟ ತೋರಿಸುವ ಗುಳ್ಳೆ ನಡುವೆ ಬರುವವರೆಗೆ ಹೊರಳಿಸಿ ಬಿಗಿದರೆ ಸಾಕು. ಇಲ್ಲಿ ‘ಬಿಗಿ’ ಸರಿಯಾದ ಪದ.

ಅಮೆರಿಕದ ಚ್ಯಾಡ್‌ವೆಲ್ ಓಕಾನರ್ ಎಂಬ ಎಂಜಿನಿಯರ್ ಫ್ಲೂಯಿಡ್ ಹೆಡ್ ಮಾಡಿಕೊಂಡದ್ದು ಓಡುವ ಉಗಿಬಂಡಿಗಳನ್ನು ಜರ್ಕಿಲ್ಲದೆ ಚಿತ್ರೀಕರಿಸುವ ಆಸೆಯಿಂದ. ಅವರಿಗೆ ರೈಲು, ನಮಗೆ ತೇರು.

ನನ್ನ ಕೇಳಿಕೆ ಇಷ್ಟು. ನಿಮ್ಮ ಊರಲ್ಲಿ ಬೀಸುವ ಕಲ್ಲು, ರಾಟೆ, ಗಾಣ, ಮಗ್ಗ ಇಂಥವು ನಿಲ್ಲದೆ, ಆದರೆ ಕೈಗೆ ಭಾರವಾಗಿ ತಿರುಗಿದಾಗ ಏನೆನ್ನುತ್ತಿದ್ದರು? ಜಡ ಎಂದೇ ಅನ್ನುತ್ತಿದ್ದರೆ ಯಾವ ಸೀಮೆ ಎಂದೂ ತಿಳಿಸಿ. ಬೇರೆ ಪದವಿದ್ದರೆ ಒಂದು ಪೂರ್ತಿ ವಾಕ್ಯದಲ್ಲಿ, ಆಡುವ ಹಾಗೆಯೇ ಬರೆಯಿರಿ. ಮೈಸೂರು, ಮಂಗಳೂರು ಕಡೆಯವರು “ಜಡ ಎರಡಕ್ಕೆ ಇಡು” ಎಂದರೆ ನಿಮ್ಮ ಕೈ ಯಾವ ತಿರುಪಿಗೆ ಹೋಗುತ್ತದೆ ಎಂದು ಹೇಳಿದರೆ ಬಹಳ ಉಪಕಾರ. ಶ್ರಾವಣದ ಕಾರ್ಯಕ್ರಮಗಳು ಶುರುವಾಗುವ ಮುಂಚೆ ಟಿಪ್ಪಣಿಯನ್ನು ಝೆರಾಕ್ಸ್ ಮಾಡಿಸಿ ಮೂರೂ ಬ್ಯಾಗಿನಲ್ಲಿ ಇಡಬೇಕಿದೆ.