ಯಾರಿಗೂ ಬೇಡವಾಗಿದ್ದ ಬಣ್ಣಕ್ಕೆ ಈಗ ಎಲ್ಲಿಲ್ಲದ ಬೇಡಿಕೆ

"ಅಪರೂಪದ ಬಣ್ಣ, ಅಪರೂಪದ ಬಣ್ಣ ಅಂತ ಬಡ್ಕೋತೀಯಲ್ಲ, ಆಗ ಅದನ್ನ ಯಾರೂ ಕೊಂಡುಕೊಳ್ಳಲಿಲ್ಲ, ಅದಕ್ಕೇ ಈಗ ಅಪರೂಪ. ಅಷ್ಟೇ ಕಣಯ್ಯಾ," ಅಂದರು ಶಂಕ್ರಣ್ಣ, ಚುರುಮುರಿ ಡಬ್ಬಿಯಿಂದ ಬರೀ ಕಡಲೆಕಾಯಿ ಬೀಜ ಆರಿಸಿಕೊಳ್ಳುತ್ತಾ.

ಗೋಪಿಗೆ ಸಿಟ್ಟು ಬಂತು. ಬರಲೇಬೇಕಲ್ಲ. 1970ರ ನೇರಳೆ ಬಣ್ಣದ ಪ್ಲಿಮತ್ ಬರಾಕುಡಾ ಕಾರೊಂದು ಮಾರಾಟಕ್ಕಿದೆ ಅಂತ ಗೊತ್ತಾದಾಗಿನಿಂದ ಅವನು ಮನುಷ್ಯನ ಹಾಗಿಲ್ಲ. ಅವನ ಹೆಂಡತಿ ಸುಧಾ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಶಂಕ್ರಣ್ಣ ಒಂದು ಕಾರು ಕಾರ್ಖಾನೆಯ ಪೇಂಟ್ ವಿಭಾಗದಲ್ಲಿ ದುಡಿದು ರಿಟೈರ್ ಆದವರು. ಅವರ ಬಾಯಲ್ಲಿ "ಒಳ್ಳೇ ಕಾರು ಕಣೋ" ಅನ್ನಿಸಿಬಿಟ್ಟರೆ ಅರ್ಧ ಕೆಲಸ ಆದ ಹಾಗೆ ಅಂತ ಗೋಪಿಯ ಲೆಕ್ಕ. ಅದಕ್ಕೇ ನಮ್ಮನ್ನೆಲ್ಲ ವುಡ್‌ವರ್ಡ್ ಅವೆನ್ಯೂಗೆ ಕರೆತಂದು, ರಾಯಲ್ ಓಕ್ ಹತ್ತಿರ ಮಡಚುವ ಕುರ್ಚಿ ಹಾಕಿ ಕೂರಿಸಿದ್ದ. ಡೆಟ್ರಾಯಿಟ್ ಕಡೆಯವರಿಗೆ ಹೇಳಬೇಕಿಲ್ಲ, ಆಗಸ್ಟ್‌ನ ಮೂರನೇ ಶನಿವಾರ ಡ್ರೀಮ್ ಕ್ರೂಸ್, ಅಂದರೆ ಹಳೇ ಕಾರುಗಳ ಮೆರವಣಿಗೆ. 1995ರಲ್ಲಿ ಫರ್ನ್‌ಡೇಲ್‌ನಲ್ಲಿ ಒಂದು ಸಾಕರ್ ಮೈದಾನಕ್ಕೆ ದುಡ್ಡು ಕೂಡಿಸೋಣ ಅಂತ ಶುರು ಮಾಡಿದ್ದು, ಈಗ ಆ ರಸ್ತೆಯಲ್ಲಿ ಹಳೇ ಕಾರು ಬಿಟ್ಟು ಬೇರೇನೂ ಕಾಣುವುದಿಲ್ಲ.

ಅಷ್ಟರಲ್ಲಿ ಗುಲಾಬಿ ಬಣ್ಣದ ಚಾಲೆಂಜರ್ ಒಂದು ಗುಡುಗಿಕೊಂಡು ಹೋಯಿತು. ಸಾಧಾರಣ ಗುಲಾಬಿ ಅಲ್ಲ, ಕಣ್ಣು ಮುಚ್ಚಿದರೂ ಕಾಣುವ ಗುಲಾಬಿ.

"ಇದು ಕಂಪನಿಯದೇ ಬಣ್ಣವಾ? ಇಲ್ಲ, ಮಗಳ ಬರ್ತ್‌ಡೇಗೆ ಅಂತ ಬಳಿಸಿದ್ದಾ?" ಸುಧಾ ಕೇಳಿದರು.

"ಕಂಪನಿಯದೇ," ಗೋಪಿ ಎದ್ದೇ ನಿಂತ. "ಡಾಡ್ಜ್‌ನ ಪ್ಯಾಂಥರ್ ಪಿಂಕ್. ಕೋಡ್ ಎಫ್‌ಎಂ3. 1970ರ ಮಾಡೆಲ್ ವರ್ಷದ ಮಧ್ಯೆ ಬಿಟ್ಟರು. ಇದೇ ಬಣ್ಣ ಪ್ಲಿಮತ್ ಶೋರೂಮಿನಲ್ಲಿ ಮೂಲಾ ರೂಜ್. ಎರಡೂ ಕ್ರೈಸ್ಲರ್‌ನದೇ ಅಲ್ವಾ. ಡಾಡ್ಜ್‌ನಲ್ಲಿ ಸಬ್ಲೈಮ್ ಅಂದರೆ ಪ್ಲಿಮತ್‌ನಲ್ಲಿ ಲೈಮ್‌ಲೈಟ್, ಡಾಡ್ಜ್‌ನಲ್ಲಿ ಗೋ ಮ್ಯಾಂಗೋ ಅಂದರೆ ಪ್ಲಿಮತ್‌ನಲ್ಲಿ ವೈಟಮಿನ್ ಸಿ."

"ಚಿಕ್ಕಪೇಟೆಯಲ್ಲಿ ಒಂದು ಹೆಸರು, ಜಯನಗರದಲ್ಲಿ ಇನ್ನೊಂದು ಹೆಸರು, ಸೀರೆ ಮಾತ್ರ ಒಂದೇ," ಅಂದರು ಸುಧಾ. "ಜಾಸ್ತಿ ದುಡ್ಡು ತಗೋತಿದ್ರಾ?"

"14 ಡಾಲರ್ ಚಿಲ್ಲರೆ. ಇಂಥ ಕಣ್ಣು ಕುಕ್ಕುವ ಬಣ್ಣಗಳಿಗೆ ಹೈ ಇಂಪ್ಯಾಕ್ಟ್ ಅಂತ ಹೆಸರು, ಅದಕ್ಕೇ ಎಕ್ಸ್‌ಟ್ರಾ."

"ನೋಡಿದ್ಯಾ?" ಶಂಕ್ರಣ್ಣ ಹಿಡಿದುಕೊಂಡರು. "ದುಡ್ಡೂ ಜಾಸ್ತಿ, ಮೇಲೆ ಗುಲಾಬಿ. ನಾನ್ನೂರು ಚಿಲ್ಲರೆ ಕುದುರೆ ಶಕ್ತಿಯ ಹೆಮಿ ಎಂಜಿನ್ ಬೇಕು ಅಂತ ಬಂದ ಹುಡುಗ, ಸಿಗ್ನಲ್‌ನಲ್ಲಿ ಪಕ್ಕದವನ ಜೊತೆ ರೇಸ್ ಮಾಡಬೇಕು ಅಂತಿರೋನು, ಗುಲಾಬಿ ಕಾರು ಕೊಂಡ್ಕೋತಾನಾ? ಎಷ್ಟು ಜನಕ್ಕೆ ಧೈರ್ಯ ಇತ್ತೋ ಅಷ್ಟು ಕಾರು ಹೊರಗೆ ಬಂತು."

ನನಗೆ ಅನ್ನಿಸುವುದೂ ಅದೇ. ಚೆನ್ನಾಗಿದ್ದದ್ದು ಅಪರೂಪ ಆಗುವುದು ಕಷ್ಟ, ಚೆನ್ನಾಗಿದ್ದರೆ ಎಲ್ಲರೂ ಕೊಳ್ಳುತ್ತಿದ್ದರಲ್ಲ. ಆದರೆ ಗೋಪಿಯ ಎದುರಿಗೆ ಹೇಳಲಿಲ್ಲ, ಊಟಕ್ಕೆ ಅವರ ಮನೆಗೇ ಹೋಗಬೇಕಿತ್ತು.

"ಆ ಕಾಲ ಹಾಗಿತ್ತು," ಶಂಕ್ರಣ್ಣ ಮುಂದುವರಿಸಿದರು. "ಎಲ್ಲ ಕಂಪನಿಗೂ ಹುಚ್ಚು ಹಿಡಿದಿತ್ತು. ಫೋರ್ಡ್‌ನವರು 1,995 ಡಾಲರಿನ ಮ್ಯಾವರಿಕ್ ಬಿಟ್ಟು ಅದರ ಬಣ್ಣಕ್ಕೆ ಫ್ರಾಯ್ಡಿಯನ್ ಗಿಲ್ಟ್ ಅಂತ ಹೆಸರಿಟ್ಟರು. ಎಎಂಸಿ, ಅದೇ ಅಮೆರಿಕನ್ ಮೋಟರ್ಸ್‌ನವರದು, ಕೇಳಲೇಬೇಡ. 1969ರಲ್ಲಿ ಬಿಗ್ ಬ್ಯಾಡ್ ಆರೆಂಜ್, ಬಿಗ್ ಬ್ಯಾಡ್ ಬ್ಲೂ, ಬಿಗ್ ಬ್ಯಾಡ್ ಗ್ರೀನ್ ಅಂತ ಮಾಡಿ, ತಮ್ಮ ಜಾವೆಲಿನ್, ಎಎಂಎಕ್ಸ್ ಕಾರುಗಳಿಗೆ ಬಂಪರ್ ಸಮೇತ ಬಳಿದುಬಿಟ್ಟರು. ಉಳಿದವರೆಲ್ಲ ಬಂಪರ್‌ಗೆ ಫಳಫಳ ಕ್ರೋಮ್ ಹಾಕಿದರೆ ಇವರು ಅದರ ಮೇಲೂ ಕಿತ್ತಳೆ!"

"ಮತ್ತೆ ಅದೋ ಅಲ್ಲಿ ಬರ್ತಿದೆಯಲ್ಲ, ಅದೂ ಎಎಂಸಿನಾ?"

"ಅಲ್ಲಮ್ಮ, ಅದು 1969ರ ಪಾಂಟಿಯಾಕ್ ಜಿಟಿಒ ಜಡ್ಜ್. ಬಣ್ಣದ ಹೆಸರು ಕ್ಯಾರೊಸೆಲ್ ರೆಡ್."

ಸುಧಾ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಕಿತ್ತಳೆ ಅಲ್ವಾ ಶಂಕ್ರಣ್ಣ?"

"ಕಿತ್ತಳೆನೇ. ಅದೇ ಬಣ್ಣವನ್ನ ಷೆವರ್ಲೆಯವರು ಕಮಾರೋಗೆ ಬಳಿದು ಹಗ್ಗರ್ ಆರೆಂಜ್ ಅಂದರು. ಅವರಿಗೆ ಕಣ್ಣು ಸರಿಯಿತ್ತು."

ಅಪರೂಪ ಅಂದ ಮಾತ್ರಕ್ಕೆ ಬೆಲೆ ಅಲ್ಲ ಅಂತ ನಾನೂ ಬಾಯಿ ಹಾಕಿದೆ. 1970ರ ಬ್ಯೂಯಿಕ್ ಜಿಎಸ್‌ಎಕ್ಸ್ ತಗೊಳ್ಳಿ, ಆ ವರ್ಷ ಆಗಿದ್ದೇ 678. ಎರಡೇ ಬಣ್ಣ, ಸ್ಯಾಟರ್ನ್ ಯೆಲ್ಲೋ 491, ಅಪೋಲೊ ವೈಟ್ 187. ಬಿಳಿಯದು ಅಪರೂಪ, ಸರಿ. ಆದರೆ ಜಿಎಸ್‌ಎಕ್ಸ್ ಅಂದ ತಕ್ಷಣ ಎಲ್ಲರ ಕಣ್ಣಿಗೆ ಬರುವುದು ಹಳದಿಯದೇ, ಮೈಮೇಲೆ ಕಪ್ಪು ಪಟ್ಟಿ ಹೊಡೆದದ್ದು. ಬಿಳಿ ಕಾರು ನೋಡೋಕೆ ವುಡ್‌ವರ್ಡ್‌ಗೇ ಬರಬೇಕಾ, ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲೇ ಬೇಕಾದಷ್ಟಿವೆ.

"ಅದೆಲ್ಲ ಬಿಡಿ, ನನ್ನ ಕಾರು ನೋಡಿ," ಅಂತ ಗೋಪಿ ಆಗಲೇ "ನನ್ನ" ಅಂದುಬಿಟ್ಟ. ಫೋನ್ ಶಂಕ್ರಣ್ಣನ ಮುಂದೆ ಹಿಡಿದ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕಿತ್ತು: ಅಪರೂಪದ ಒರಿಜಿನಲ್ ಪ್ಲಮ್ ಕ್ರೇಜಿ.

"ಪ್ಲಿಮತ್ ಅಂದೆಯಲ್ಲೋ? ಪ್ಲಮ್ ಕ್ರೇಜಿ ಡಾಡ್ಜ್‌ನವರ ಹೆಸರು. ಪ್ಲಿಮತ್‌ನಲ್ಲಿ ಅದು ಇನ್‌ವಯೊಲೆಟ್."

"ಬಾಯಿಮಾತಿಗೆ ಹಾಗೇ ಅಂತಾರೆ ಶಂಕ್ರಣ್ಣ."

"ಅಂತಾರೆ, ಅಂತಾರೆ." ಫೋಟೋ ದೊಡ್ಡದು ಮಾಡಿದರು. "ಎಷ್ಟು ನುಣುಪಾಗಿದೆಯಪ್ಪಾ! ಮುಖ ನೋಡ್ಕೊಂಡು ಕ್ಷೌರ ಮಾಡ್ಕೋಬಹುದು. ಆಗ ಕಾರ್ಖಾನೆಯಿಂದ ಹೀಗೆ ಬರ್ತಿರಲಿಲ್ಲ ಕಣೋ. ಬಣ್ಣದ ಮೇಲೆ ಹೊಳಪಿಗೆ ಹಾಕೋ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಇರಲಿಲ್ಲ. ಷೆವರ್ಲೆ, ಪಾಂಟಿಯಾಕ್, ಬ್ಯೂಯಿಕ್ ಎಲ್ಲ ಮಾಡ್ತಿದ್ದ ಜಿಎಂನವರದು ಲ್ಯಾಕರ್, ಕ್ರೈಸ್ಲರ್‌ನವರದು ಎನಾಮಲ್, ಹೊಡೆದು ಒಲೆಗೆ ಬಿಡೋದು, ಹತ್ತಿರದಿಂದ ನೋಡಿದರೆ ಆರೆಂಜ್ ಪೀಲ್, ಅಂದರೆ ಕಿತ್ತಳೆ ಸಿಪ್ಪೆಯಂಥ ತರಿತರಿ, ಎದ್ದು ಕಾಣೋದು. ಅಸಲಿ ಬಣ್ಣ ಒರಟಾಗಿರುತ್ತೆ. ಇಷ್ಟು ಚೆಂದ ಇದೆ ಅಂದರೆ ಯಾರೋ ಆಮೇಲೆ ಹೊಡೆಸಿದ್ದಾರೆ."

"ಹಳೇದು ಹಾಳಾಗಿತ್ತು ಅಂತ ಅದೇ ಬಣ್ಣ ಮತ್ತೆ ಹೊಡೆಸಿರಬಹುದಲ್ವಾ?" ಗೋಪಿಯ ದನಿ ಸ್ವಲ್ಪ ಇಳಿದಿತ್ತು.

"ಇರಬಹುದು. ಫೆಂಡರ್ ಟ್ಯಾಗ್ ಫೋಟೋ ಇದೆಯಾ?"

ಇತ್ತು. ಬಾನೆಟ್ ಎತ್ತಿದರೆ ಎಡಗಡೆ ಫೆಂಡರ್ ಒಳಗೆ ಎರಡು ಸ್ಕ್ರೂ ಹಾಕಿ ಕೂರಿಸಿರುವ ಚಿಕ್ಕ ತಗಡು. ಕಾರಿನ ಜಾತಕವೇ ಅದರಲ್ಲಿರುತ್ತೆ, ಓದುವುದು ಮಾತ್ರ ಕೆಳಗಿನ ಸಾಲಿನಿಂದ ಮೇಲಕ್ಕೆ. ಅದನ್ನೂ ನಂಬುವ ಹಾಗಿಲ್ಲ, ಹೊಸ ತಗಡು ಮಾಡಿಕೊಡುವವರು ಇದ್ದಾರೆ. ಅದಕ್ಕೇ ತಿಳಿದವರು ಹಿಂದಿನ ಸೀಟು ಎತ್ತಿ, ಸ್ಪ್ರಿಂಗ್ ಸಂದಿಯಲ್ಲಿ ಕಾರ್ಖಾನೆಯವರು ಬಿಟ್ಟುಹೋದ ಬ್ರಾಡ್‌ಕಾಸ್ಟ್ ಶೀಟ್, ಅಂದರೆ ಆ ಕಾರಿಗೆ ಏನೇನು ಹಾಕಬೇಕು ಅಂತ ಬರೆದ ಹಾಳೆ, ಹುಡುಕುತ್ತಾರೆ. ಐವತ್ತು ವರ್ಷದಲ್ಲಿ ಇಲಿ ತಿನ್ನದೆ ಬಿಟ್ಟಿದ್ದರೆ ಪುಣ್ಯ. ಗೋಪಿಯ ಕಾರಿಗೆ ಅಷ್ಟೆಲ್ಲ ಬೇಕಾಗಲಿಲ್ಲ.

"ನೇರಳೆ ಆಗಿದ್ದರೆ ಎಫ್‌ಸಿ7 ಇರಬೇಕು," ಅಂದರು ಶಂಕ್ರಣ್ಣ. "ಇಲ್ಲಿ ಏನಿದೆ ನೀನೇ ಓದು."

"ಇಎಫ್8."

"ಐವಿ ಗ್ರೀನ್. ಕಡು ಹಸಿರು."

"ಅದು ಅಪರೂಪವಾ?"

"ಬೀದಿಬೀದಿಯಲ್ಲೂ ಇತ್ತು ಕಣೋ."

ಗೋಪಿ ಕುರ್ಚಿಯಲ್ಲಿ ಕುಸಿದ. ನಕಲಿ ನೇರಳೆ ನನಗೆ ಬೇಡವೇ ಬೇಡ, ಅಂಥ ಕಾರು ಇಟ್ಟುಕೊಂಡು ಇಲ್ಲಿಗೆ ಬಂದರೆ ಯಾರಾದರೂ ಬಾನೆಟ್ ಎತ್ತು ಅಂದರೆ ಏನು ಗತಿ, ಅಂತೆಲ್ಲ ಗೊಣಗತೊಡಗಿದ. ನಾನು ಅವನಿಗೆ ಚುರುಮುರಿ ಕೊಟ್ಟೆ. ಬೀಜ ಒಂದೂ ಉಳಿದಿರಲಿಲ್ಲ.

ಸುಧಾ ಮಾತ್ರ ಫೋಟೋ ಹಿಂದೆ ಮುಂದೆ ಮಾಡಿ ನೋಡುತ್ತಲೇ ಇದ್ದರು. "ಶಂಕ್ರಣ್ಣ, ಬಣ್ಣ ಒರಿಜಿನಲ್ ಅಲ್ಲ ಅಂದರೆ ಬೆಲೆ ಎಷ್ಟು ಇಳಿಸಬಹುದು?"

"ಚೆನ್ನಾಗೇ ಇಳಿಸಬಹುದಮ್ಮ. ಒರಿಜಿನಲ್ ಅಂತ ಬೇರೆ ಹಾಕಿದ್ದಾನಲ್ಲ."

"ಹಾಗಾದ್ರೆ ಹಸಿರಿನ ರೇಟಿಗೆ ನೇರಳೆ ಸಿಗುತ್ತೆ. ರೀ, ಆ ಮಾರೋನ ನಂಬರ್ ಕೊಡಿ ಇಲ್ಲಿ."

"ನಂಗೆ ಬೇಡ ಅಂದೆನಲ್ಲೇ!"

"ನಿಮಗಲ್ಲ," ಅಂದರು ಸುಧಾ, ಆಗಲೇ ಮೆಸೇಜ್ ಟೈಪ್ ಮಾಡುತ್ತಾ.