ಪದಚರ್ಚೆ: ಹಳೆಯ ರೇಡಿಯೊ ಪೆಟ್ಟಿಗೆಯ ‘ವೆನೀರ್’, ‘ಗ್ರೇನ್’, ‘ಪಾಲಿಶ್’

ಗೆಳೆಯರೇ,

ವಾಲ್ವ್ ರೇಡಿಯೊಗಳ ಮರದ ಪೆಟ್ಟಿಗೆ ಹಾಳಾಗಿದ್ದರೆ ಅದನ್ನು ಸರಿಪಡಿಸುವುದು ಹೇಗೆಂದು ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಒಳಗಿನ ಭಾಗಗಳ ಹೆಸರಿನಲ್ಲಿ ತಕರಾರಿಲ್ಲ. ವಾಲ್ವ್, ಕಾಯಿಲ್, ಕೆಪಾಸಿಟರ್ ಎಂದರೆ ಮುಗಿಯಿತು. ತೊಡಕಿರುವುದು ಹೊರಗಿನ ಮರದ್ದು. ಮರಗೆಲಸ ನಮ್ಮಲ್ಲಿ ಹಳೆಯ ವಿದ್ಯೆ, ಪದಗಳಿಗೇನು ಬರ ಅಂದುಕೊಂಡು ಕೂತರೆ ಬೇಕಾದ ಕಡೆಯೇ ಕೈಕೊಡುತ್ತವೆ.

ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಕ್ಯಾಬಿನೆಟ್ಟಿಗೆ ‘ಪೆಟ್ಟಿಗೆ’. ‘ಸಂಪುಟ’ ಎಂದರೂ ಅರ್ಥದಲ್ಲಿ ತಪ್ಪಿಲ್ಲ, ಸಂಸ್ಕೃತದಲ್ಲಿ ಅದು ಕರಡಿಗೆಯೇ. ಆದರೆ ಮಂತ್ರಿಗಳು ಅದರೊಳಗೆ ಕೂತುಬಿಟ್ಟಿದ್ದಾರೆ, ಎಬ್ಬಿಸುವುದು ಆಗದ ಮಾತು. ನಾಬಿಗೆ ‘ಗುಬುಟು’ ಇದೆ. ರೇಡಿಯೊದ ಕಿವಿ ಹಿಂಡಿ ರೂಢಿಯಾದವರಿಗೆ ‘ಕಿವಿ’ಯೇ ಸಾಕು. ಸ್ಪೀಕರಿನ ಮುಂದಿರುವುದು ‘ಸ್ಪೀಕರ್ ಬಟ್ಟೆ’.

ಇನ್ನು ವೆನೀರ್. ಮರದ ರೇಡಿಯೊ ಎಂದರೂ ಹೆಚ್ಚಿನವು ಇಡೀ ಮರದವಲ್ಲ. ಪ್ಲೈವುಡ್ ಮೇಲೆ ವಾಲ್‌ನಟ್‌ನಂಥ ಮರದ ತೆಳ್ಳನೆಯ ಸೀಳನ್ನು ಅಂಟಿಸಿರುತ್ತಾರೆ, ದಪ್ಪ ಸಾಮಾನ್ಯವಾಗಿ 1 ಮಿಲಿಮೀಟರಿಗಿಂತ ಕಡಿಮೆ. ಇದನ್ನು ‘ಹೊದಿಕೆ’ ಎಂದರೆ ತೆಗೆದಿಡಬಹುದಾದ ಬಟ್ಟೆಯ ನೆನಪಾಗುತ್ತದೆ. ‘ಪದರ’ ಎನ್ನೋಣವೆಂದರೆ ಕೆಳಗಿನ ಪ್ಲೈವುಡ್ಡಿನ ಪದರಗಳಿಗೆ ಆ ಪದ ಬೇಕೇಬೇಕು. ಸದ್ಯಕ್ಕೆ ‘ಮರದ ಹಾಳೆ’ ಎಂದು ಬರೆದಿದ್ದೇನೆ, ಮುಂದೆ ಬರೀ ‘ಹಾಳೆ’.

ಹೆಸರು ಬೇರೆಬೇರೆ ಇರಲೇಬೇಕು, ಯಾಕೆಂದರೆ ತೇವ ತಗುಲಿದ ಪೆಟ್ಟಿಗೆಯಲ್ಲಿ ಹಾನಿಯೂ ಬೇರೆಬೇರೆ. ಹಳೆಯ ಸೆಟ್ಟುಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಕಾಯಿಸಿದ ಅಂಟಿರುವುದು ಸಾಮಾನ್ಯ. ಅದಕ್ಕೆ ‘ಸರೇಸು’, ‘ಮರವಜ್ರ’ ಎಂಬ ಹೆಸರುಗಳಿವೆ. ಹೆಸರು ವಜ್ರವಾದರೂ ನೀರು, ಬಿಸಿ ಎರಡಕ್ಕೂ ಬಗ್ಗುತ್ತದೆ! ಅಂಟು ಬಿಟ್ಟಾಗ ಹಾಳೆ ನಡುವೆ ‘ಉಬ್ಬುತ್ತದೆ’, ಅಂಚಿನಲ್ಲಿ ‘ಏಳುತ್ತದೆ’. ಪ್ಲೈವುಡ್ ‘ಪದರ ಬಿಡುತ್ತದೆ’. ಹಾಳೆ ನೆಟ್ಟಗಿದ್ದು ಮೇಲಿನ ಪಾಲಿಶ್ ಮಾತ್ರ ಕಿತ್ತುಬಂದರೆ ‘ಹಕ್ಕಳೆ ಎದ್ದಿದೆ’ ಎನ್ನುತ್ತೇವೆ. ಹಾಗೆಯೇ ಹಾಳೆ ‘ಸೀಳುತ್ತದೆ’, ಪಾಲಿಶ್ ಬತ್ತಿದ ಕೆರೆಯಂಗಳದ ಹಾಗೆ ‘ಬಿರುಕು ಬಿಡುತ್ತದೆ’. ಸೀಳಿಗೆ ಅಂಟು ಬೇಕು, ಬಿರುಕಿಗೆ ಅಂಟಿನ ಗೊಡವೆಯೇ ಇಲ್ಲ. ಕ್ರಿಯಾಪದಗಳು ಇಷ್ಟು ಖಚಿತವಾಗಿರುವಾಗ ಪದರ ಬಿಡುವ ‘ಡಿಲ್ಯಾಮಿನೇಶನ್’ಗೊಂದು ನಾಮಪದ ಹೊಸೆಯುವುದು ದಂಡ ಅನ್ನಿಸುತ್ತದೆ. ಬೇರೆ ಅಭಿಪ್ರಾಯವಿದ್ದರೆ ಹೇಳಿ.

ಗ್ರೇನ್ ಎಂಬುದರಲ್ಲಿ ಎರಡು ಸಂಗತಿ ಬೆರೆತಿವೆ. ಮರದ ನಾರು ಓಡುವ ದಿಕ್ಕು ಒಂದು, ಕಣ್ಣಿಗೆ ಕಾಣುವ ಗೆರೆಗಳ ವಿನ್ಯಾಸ ಇನ್ನೊಂದು. ಮೊದಲನೆಯದಕ್ಕೆ ‘ಎಳೆ’, ಎರಡನೆಯದಕ್ಕೆ ‘ಚಿತ್ತಾರ’ ಎಂದು ಬೇರ್ಪಡಿಸಿದ್ದೇನೆ. ಇದು ಬರೀ ಶಬ್ದದ ಶೋಕಿಯಲ್ಲ. 1930ರ ದಶಕದ ಕೊನೆಯ ಹೊತ್ತಿಗೆ ಫಿಲ್ಕೊ ಮೊದಲಾದ ಕಂಪನಿಗಳು ಕೆಲವು ಮಾದರಿಗಳಲ್ಲಿ ಸಾದಾ ಮರದ ಮೇಲೆ ದುಬಾರಿ ಮರದ ಚಿತ್ತಾರವನ್ನು ಮುದ್ರಿಸಿಬಿಡುತ್ತಿದ್ದವು. ಅಲ್ಲಿ ಎಳೆ ಒಂದು ಮರದ್ದು, ಚಿತ್ತಾರ ಇನ್ನೊಂದು ಮರದ್ದು. ಗೊತ್ತಿಲ್ಲದೆ ಪಾಲಿಶ್ ಕರಗಿಸಿ ಒರೆಸಿದರೆ ವಾಲ್‌ನಟ್ ಪೂರ್ತಿ ಬಟ್ಟೆಗೆ ಬಂದು ಕೆಳಗೆ ಬೋಳು ಹಲಗೆ ಉಳಿಯುತ್ತದೆ. ‘ಎಳೆಗುಂಟ ಉಜ್ಜಿ, ಚಿತ್ತಾರ ಮುಟ್ಟಬೇಡಿ’ ಎಂದು ಬರೆಯಲು ಎರಡೂ ಪದ ಬೇಕು.

ದೊಡ್ಡ ಜಗಳ ‘ಪಾಲಿಶ್’ನದು. ಡಬ್ಬಿಯ ದ್ರವವೂ ಪಾಲಿಶ್, ಅದು ಒಣಗಿ ಕೂತ ಪೊರೆಯೂ ಪಾಲಿಶ್, ಉಜ್ಜಿ ಹೊಳಪು ಬರಿಸುವುದೂ ಪಾಲಿಶ್. ‘ಹಳೆ ಪಾಲಿಶ್ ಉಳಿಸಿಕೊಂಡು ಪಾಲಿಶ್ ಮಾಡಿ’ ಎಂದು ಬರೆದರೆ ಒಬ್ಬರು ಬಟ್ಟೆ ಹಿಡಿದು ತಿಕ್ಕುತ್ತಾರೆ, ಇನ್ನೊಬ್ಬರು ಡಬ್ಬಿ ತೆರೆಯುತ್ತಾರೆ. ಪೊರೆಗೆ ‘ಲೇಪ’, ಉಜ್ಜುವ ಕೆಲಸಕ್ಕೆ ‘ಒಪ್ಪ ಹಾಕುವುದು’ ಎಂದರೆ ಹೇಗೆ? ಮುತ್ತುರತ್ನಕ್ಕೆ ಒಪ್ಪವಿಡುತ್ತಿದ್ದ ಪದ, ಮರಕ್ಕೂ ಒಪ್ಪುತ್ತದೆ. ‘ಮೆರುಗು’ ನನಗೆ ಹಿಡಿಸಲಿಲ್ಲ, ಯಾಕೆಂದರೆ ಮಂಕು ಲೇಪವೂ ಲೇಪವೇ.

ದ್ರವಕ್ಕೆ ಮಾತ್ರ ಅದರದರ ಹೆಸರೇ ಇರಲಿ. ಶೆಲ್ಯಾಕ್ ಎಂದರೆ ಅರಗು, ಕೀಟ ಕೊಟ್ಟದ್ದು. ಲ್ಯಾಕರ್ ಎಂಬ ಹೆಸರಿಗೂ ಲಾಕ್ಷದ ನಂಟಿದೆ, ಹಾಗಾಗಿ ಅದನ್ನೂ ‘ಅರಗು’ ಎಂದು ಅನುವಾದಿಸುವ ಚಪಲ ಸಹಜ. ದಯವಿಟ್ಟು ಬೇಡ. ಕಾರ್ಖಾನೆಗಳು ರೇಡಿಯೊಗಳಿಗೆ ಸಿಂಪಡಿಸಿದ್ದು ಹೆಚ್ಚಾಗಿ ನೈಟ್ರೊಸೆಲ್ಯುಲೋಸ್ ಲ್ಯಾಕರ್, ಅದರ ಬುಡ ಹತ್ತಿಯಂಥ ಸಸ್ಯನಾರಿನ ಸೆಲ್ಯುಲೋಸ್. ಹೆಸರು ಕಲಸಿಹೋದರೆ ಕೆಲಸವೂ ಕೆಡುತ್ತದೆ. ಪೆಟ್ಟಿಗೆಯ ಅಡಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಹತ್ತಿಯಿಂದ ಒಂದು ಹನಿ ಸ್ಪಿರಿಟ್ ಒತ್ತಿ ನೋಡಬೇಕು. ಬೆರಳಿಗೆ ಅಂಟಂಟಾದರೆ ಅರಗು. ಸ್ಪಿರಿಟ್ಟಿಗೆ ಜಗ್ಗದೆ ಲ್ಯಾಕರ್ ಥಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಕರಗದಿದ್ದರೆ ವಾರ್ನಿಷ್ಷೋ ಆಮೇಲೆ ಯಾರೋ ಬಳಿದ ಇನ್ನೇನೋ.

ಈ ಪದಗಳನ್ನೆಲ್ಲ ಸೇರಿಸಿ ಬರೆದ ಒಂದು ತುಣುಕು ಇಲ್ಲಿದೆ:

“ಹಾಳೆ ಉಬ್ಬಿದ ಕಡೆ ಬ್ಲೇಡಿನ ಮೊನೆಯಿಂದ ಎಳೆಗುಂಟ ಸೀಳಿ. ಅಡ್ಡ ಕೊಯ್ದರೆ ಗುರುತು ಎದ್ದು ಕಾಣುತ್ತದೆ. ಸೀಳಿನೊಳಗೆ ಸಿರಿಂಜಿನಿಂದ ಅಂಟು ಬಿಟ್ಟು, ಬೆರಳಿನಿಂದ ಒತ್ತಿ ಹರಡಿ. ಹೊರಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ, ಇಲ್ಲದಿದ್ದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಪಾಟು ಹಲಗೆ ಇಟ್ಟು ಕ್ಲಾಂಪ್ ಬಿಗಿದು ಒಣಗಲು ಬಿಡಿ. ಲೇಪ ಹಚ್ಚುವುದು, ಒಪ್ಪ ಹಾಕುವುದು ಆಮೇಲಿನ ಮಾತು.”

ನೋಡಿ, ‘ಮರದ ಹಾಳೆ’ಯ ಪಕ್ಕದಲ್ಲೇ ‘ಪ್ಲಾಸ್ಟಿಕ್ ಹಾಳೆ’ ಬಂದು ಕೂತಿದೆ. ಎರಡನೆಯದನ್ನು ‘ಕವರ್’ ಎಂದು ತಿದ್ದಲೋ, ಅಥವಾ ಸೋತು ‘ವೆನೀರ್’ ಎಂದೇ ಬರೆಯಲೋ? ಮರಗೆಲಸದ ಮನೆತನದವರು ಇದ್ದರೆ ಇದಕ್ಕೆ ನಿಮ್ಮಲ್ಲಿ ರೂಢಿಯಲ್ಲಿರುವ ಪದವನ್ನು, ಅದು ಯಾವ ಭಾಷೆಯಿಂದ ಬಂದಿದ್ದರೂ ಸರಿ, ತಿಳಿಸಿ.